ಇಪ್ಪತ್ತು ನಿಮಿಷದ ಡಬ್ಬಿ

ಆ ಊರಿನಲ್ಲಿ ನಾಲ್ಕು ಗಂಟೆ ಎಂದರೆ ಟಾಕೀಸಿನ ಗಂಟೆ. ಮ್ಯಾಟಿನಿ ಆಟದ ಇಂಟರ್ವಲ್‌ಗೆ ಮಾಳಿಗೆಯ ಮೇಲಿನ ಗಂಟೆ ಬಾರಿಸಿತೆಂದರೆ ಮಧ್ಯಾಹ್ನ ಮಲಗಿದವರು ಏಳುತ್ತಿದ್ದರು, ಅಂಗಡಿಯವರು ಬಾಗಿಲ ಹಲಗೆ ತೆಗೆಯುತ್ತಿದ್ದರು, ಆಸ್ಪತ್ರೆಯ ಕಾಂಪೌಂಡರು ರೋಗಿಗಳಿಗೆ ಸಂಜೆಯ ಮಾತ್ರೆ ನುಂಗಿಸುತ್ತಿದ್ದರು. ಟಾಕೀಸು ಕಟ್ಟಿಸಿದ ದೊಡ್ಡ ಯಜಮಾನರು ಹಾಕಿಕೊಟ್ಟ ಪದ್ಧತಿ ಅದು. ಚಿತ್ರ ಉದ್ದವಿರಲಿ ಗಿಡ್ಡವಿರಲಿ, ಇಂಟರ್ವಲ್ ನಾಲ್ಕಕ್ಕೇ ಆಗಬೇಕು. ಗಿಡ್ಡವಿದ್ದರೆ ಆಪರೇಟರ್ ಮೊದಲಿಗೆ ಜಾಹೀರಾತಿನ ಸ್ಲೈಡುಗಳನ್ನು ಹೆಚ್ಚು ಹಾಕುತ್ತಿದ್ದ. ಉದ್ದವಿದ್ದರೆ ಆಟವನ್ನು ಬೇಗ ಶುರು ಮಾಡುತ್ತಿದ್ದ. ಇಪ್ಪತ್ತಾರು ವರ್ಷದಲ್ಲಿ ಅವನು ಒಂದು ದಿನವೂ ತಪ್ಪಿಲ್ಲ ಎಂದು ಊರು ನಂಬಿತ್ತು.

ಒಂದು ದಿನ ತಪ್ಪಿದ್ದ. ಅದು ಅವನಿಗೆ ಗೊತ್ತಿತ್ತು, ದೇವರಿಗೆ ಗೊತ್ತಿತ್ತು. ಮೂರನೆಯವರಿಗೆ ಗೊತ್ತಿಲ್ಲ ಎಂದು ಮೂರು ವರ್ಷದಿಂದ ತಿಳಿದುಕೊಂಡಿದ್ದ.

ಆವತ್ತು ಬೇಸಿಗೆ ರಜೆಯ ಒಂದು ಮಧ್ಯಾಹ್ನ. ಅವನಿಗೆ ಬೇಗ ಹೋಗಬೇಕಾಗಿತ್ತು. ಹಾಲಿನಲ್ಲಿ ಹದಿನಾಲ್ಕು ಜನರಿದ್ದರು, ಅರ್ಧ ಜನ ನಿದ್ದೆ ಹೋಗಿದ್ದರು. ಫಿಲ್ಮಿನ ಮೂರನೆಯ ಡಬ್ಬಿಯಲ್ಲಿದ್ದದ್ದು ಎರಡು ಹಾಡು, ಒಂದು ಕನಸು. ಅದನ್ನು ಓಡಿಸದೆ ಎರಡರಿಂದ ನೇರ ನಾಲ್ಕಕ್ಕೆ ಹೋದ. ಒಂದು ಡಬ್ಬಿ ಎಂದರೆ ಇಪ್ಪತ್ತು ನಿಮಿಷ. ನಾಲ್ಕಕ್ಕೆ ಹೊಡೆಯಬೇಕಾದ ಗಂಟೆ ಮೂರೂ ನಲವತ್ತಕ್ಕೆ ಹೊಡೆಯಿತು. ಊರಿನಲ್ಲಿ ಯಾರೂ ಗಂಟೆಯನ್ನು ಅನುಮಾನಿಸಲಿಲ್ಲ. ತಮ್ಮ ತಮ್ಮ ಗಡಿಯಾರಗಳನ್ನು ಅನುಮಾನಿಸಿದರು. ಗೋಡೆಗೆ ಸ್ಟೂಲು ಹಾಕಿ ಹತ್ತಿ ಮುಳ್ಳನ್ನು ಮುಂದಕ್ಕೆ ತಿರುಗಿಸಿದರು. ಮರುದಿನ ಗಂಟೆ ಸರಿಯಾದ ಹೊತ್ತಿಗೆ ಬಾರಿಸಿದಾಗ ಆ ಗಡಿಯಾರಗಳೆಲ್ಲ ಇಪ್ಪತ್ತು ನಿಮಿಷ ಮುಂದಿದ್ದವು. ಆ ವಾರ ರಿಪೇರಿಯವನ ಅಂಗಡಿಗೆ ಹನ್ನೊಂದು ಗಡಿಯಾರ ಬಂದವು. ಒಂದರಲ್ಲೂ ದೋಷವಿರಲಿಲ್ಲ. ಅವನು ಒಂದೊಂದು ಹನಿ ಎಣ್ಣೆ ಬಿಟ್ಟು ವಾಪಸು ಕೊಟ್ಟ.

ಇದು ನಗುವ ಮಾತು. ಆದರೆ ಅದೇ ಮಧ್ಯಾಹ್ನ, ಆ ಗಂಟೆ ಬಾರಿಸುತ್ತಿದ್ದಾಗಲೇ, ಕೆರೆಯ ತಿರುವಿನಲ್ಲಿ ಒಂದು ಜೀಪು ಟೈಲರಮ್ಮನ ಮಗಳನ್ನು ಸೈಕಲ್ಲಿನ ಸಮೇತ ಕೆಡವಿ ನಿಲ್ಲದೆ ಹೋಯಿತು. ಹದಿನೇಳರ ಹುಡುಗಿ, ಹೊಲಿದ ಬಟ್ಟೆ ಕೊಟ್ಟುಬರಲು ಹೊರಟಿದ್ದವಳು, ಅಲ್ಲೇ ಸತ್ತಳು. ಕಂಡವಳು ಸೊಪ್ಪು ಮಾರುವ ಅಜ್ಜಿ ಒಬ್ಬಳೇ. ಜೀಪು ಊರಿನ ದೊಡ್ಡ ಕಂಟ್ರಾಕ್ಟರದು, ಓಡಿಸುತ್ತಿದ್ದವನು ಕಂಟ್ರಾಕ್ಟರೇ ಎಂದಳು. ಎಷ್ಟು ಹೊತ್ತಿಗೆ ಎಂದು ಕೇಳಿದರು. ಟಾಕೀಸಿನ ಗಂಟೆ ಹೊಡೀತಿತ್ತು ಎಂದಳು. ಠಾಣೆಯ ರೈಟರು ನಾಲ್ಕು ಗಂಟೆ ಎಂದು ಬರೆದುಕೊಂಡರು. ನಾಲ್ಕು ಗಂಟೆಗೆ ಕಂಟ್ರಾಕ್ಟರ್ ಊರಾಚೆಯ ರೈಲ್ವೆ ಗೂಡ್ಸ್ ಶೆಡ್ಡಿನಲ್ಲಿ ರಿಜಿಸ್ಟರಿಗೆ ಸಹಿ ಹಾಕುತ್ತಿದ್ದ. ರೈಲ್ವೆಯ ಗಡಿಯಾರ ಟಾಕೀಸನ್ನು ಕೇಳಿ ನಡೆಯುವುದಿಲ್ಲ. ಅಲ್ಲಿ ನಾಲ್ಕು ಎಂದರೆ ನಾಲ್ಕೇ. ಒಬ್ಬ ಮನುಷ್ಯ ಎರಡು ಕಡೆ ಇರಲಾರ. ಕೇಸು ಮುಚ್ಚಿತು. ಕಂಟ್ರಾಕ್ಟರ್ ಒಂದು ಸುಳ್ಳನ್ನೂ ಹೇಳಬೇಕಾಗಲಿಲ್ಲ. ಸುಮ್ಮನಿದ್ದರೆ ಸಾಕಾಗಿತ್ತು.

ಸುಮ್ಮನಿದ್ದವನು ಅವನೊಬ್ಬನೇ ಅಲ್ಲ.

ಈಗ ಮೂರು ವರ್ಷದ ಮೇಲೆ ಟಾಕೀಸಿಗೆ ಒಂದು ಚಿತ್ರ ಬಂದಿತ್ತು. ನಗಿಸುವ ಚಿತ್ರ ಎಂದು ಪೋಸ್ಟರಿನಲ್ಲಿತ್ತು. ಬೆಳಿಗ್ಗೆ ಡಬ್ಬಿ ಪರೀಕ್ಷಿಸುತ್ತ ನೋಡಿದ ಆಪರೇಟರನಿಗೆ ನಗು ಬರಲಿಲ್ಲ. ಬಾವಿ ತೋಡುವ ಒಬ್ಬ ಮುದುಕ. ಊರಿನ ಮುಖಂಡ ಕಟ್ಟಿಸಿದ ಗೋಡೆ ಬಿದ್ದು ಅವನ ಮಗ ಸತ್ತಿದ್ದಾನೆ. ಠಾಣೆಯಲ್ಲಿ ದೂರು ತೆಗೆದುಕೊಳ್ಳುವುದಿಲ್ಲ. ಬೇರೆ ಯಾವ ದೂರು ಬಂದರೂ ಬರೆದುಕೊಳ್ಳಲೇಬೇಕು ಎಂದು ಅಲ್ಲೊಂದು ನಿಯಮ. ಮುದುಕ ದಿನಾ ಬರುತ್ತಾನೆ. ಹುಂಜ ಬೇಗ ಕೂಗಿತು ಎಂದು ಒಂದು ದೂರು, ತನ್ನ ನೆರಳು ತನ್ನನ್ನು ಬಿಡುತ್ತಿಲ್ಲ ಎಂದು ಒಂದು ದೂರು, ಮಗ ಊಟಕ್ಕೆ ಬಾರದೆ ತಟ್ಟೆ ಹಾಗೇ ಇದೆ ಎಂದು ಒಂದು ದೂರು. ಪೊಲೀಸರು ಬರೆದೂ ಬರೆದೂ ಠಾಣೆಯಲ್ಲಿ ಕಾಗದ ಮುಗಿದು ಗೋಡೆಯ ಮೇಲೆ ಬರೆಯತೊಡಗುತ್ತಾರೆ.

ಎರಡೂವರೆಗೆ ಸ್ಲೈಡು ಹಾಕಿದ. ಕಣ್ಣು ಮುಚ್ಚಿ ಒಂದು ಗಳಿಗೆ ನಿಂತು ಯಂತ್ರದೊಳಗಿನ ಕಾರ್ಬನ್ ಕಡ್ಡಿ ಹೊತ್ತಿಸುವುದು ಅವನ ಅಭ್ಯಾಸ. ಹಾಗೆ ಹೊತ್ತಿಸಿ, ಬೆಳಕು ಹೋಗುವ ಕಿಂಡಿಯ ಪಕ್ಕದ ಚಿಕ್ಕ ಕಿಂಡಿಯಿಂದ ಹಾಲನ್ನು ನೋಡಿದ. ತುಂಬಿತ್ತು. ಮುಂದಿನಿಂದ ಮೂರನೆಯ ಸಾಲಿನಲ್ಲಿ, ದಾರಿಯ ಅಂಚಿನ ಕುರ್ಚಿಯಲ್ಲಿ ಟೈಲರಮ್ಮ ಕೂತಿದ್ದಳು. ಪಕ್ಕದಲ್ಲಿ ಸೊಪ್ಪಿನಜ್ಜಿ.

ಮಗಳು ಹೋದ ಮೇಲೆ ಅವಳು ಟಾಕೀಸಿಗೆ ಬಂದದ್ದು ಇದೇ ಮೊದಲು. ಅವನ ಕೈ ಮೊದಲ ಡಬ್ಬಿಯ ಮೇಲೆ ಒಂದು ಕ್ಷಣ ನಿಂತಿತು.

ಮೂರನೆಯ ಡಬ್ಬಿ ಓಡುತ್ತಿರುವಾಗ ಚಿಕ್ಕ ಯಜಮಾನರು ಕ್ಯಾಬಿನ್ನಿಗೆ ಬಂದರು. ದೊಡ್ಡ ಯಜಮಾನರ ಮಗ. ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಿದ್ದರು.

“ಆಪರೇಟ್ರೇ, ನಾಲ್ಕನೇ ಡಬ್ಬಿ ಬೇಡ.”

“ಊರಿನವರೆಲ್ಲ ಸೇರಿ ವಿಚಾರಣೆ ಮಾಡೋದಾ?”

“ಅದೇ. ಬಾಲ್ಕನಿಯಿಂದ ಹೇಳಿ ಕಳಿಸಿದ್ದಾರೆ. ಆ ಮುಖಂಡ ಥೇಟು ಅವರ ಹಾಗೇ ಇದ್ದಾನೆ ಅಂತ ಪೋಸ್ಟರ್ ನೋಡಿದಾಗಿಂದ ಜನ ಆಡ್ಕೋತಿದ್ದಾರಂತೆ.”

ಬಾಲ್ಕನಿಯ ಮೊದಲ ಸಾಲಿನಲ್ಲಿ ಕಂಟ್ರಾಕ್ಟರ್ ತನ್ನ ಇಬ್ಬರು ಜೊತೆಗಾರರೊಡನೆ ಕೂತಿರುವುದು ಆಪರೇಟರನಿಗೆ ಗೊತ್ತಿತ್ತು.

“ಜೀಪಿನ ಬಣ್ಣ ಒಂದೇ. ಅಷ್ಟೇ ಹೋಲಿಕೆ,” ಎಂದ.

“ಅಷ್ಟು ಸಾಲದಾ? ಟಾಕೀಸಿನ ಲೈಸೆನ್ಸು ಈ ವರ್ಷ ಹೊಸದಾಗಬೇಕು. ಆ ಸಮಿತಿಲಿ ಅವರಿದ್ದಾರೆ. ಇಂಟರ್ವಲ್‌ವರೆಗೆ ಸ್ಲೈಡು ಹಾಕಿ. ಗಂಟೆ ಮಾತ್ರ ನಾಲ್ಕಕ್ಕೇ ಹೊಡೀಲಿ.”

“ನಡುವಿಂದ ಡಬ್ಬಿ ಎತ್ತಿದ್ರೆ ಕಥೆ ಕುಂಟುತ್ತೆ ಯಜಮಾನ್ರೆ. ನಾನು ಡಬ್ಬಿ ಬಿಡೋನಲ್ಲ.”

“ಹೌದಾ?” ಚಿಕ್ಕ ಯಜಮಾನರು ಗೋಡೆಯ ಮೊಳೆಗೆ ತೂಗುಹಾಕಿದ್ದ ದಿನವಹಿ ಪುಸ್ತಕದ ಕಡೆ ನೋಡಿದರು. ಯಾವ ದಿನ ಯಾವ ಡಬ್ಬಿ ಓಡಿತು, ಎಷ್ಟು ಕಾರ್ಬನ್ ಕಡ್ಡಿ ಉರಿಯಿತು ಎಂದು ಆಪರೇಟರ್ ಅದರಲ್ಲಿ ಬರೆದಿಡಬೇಕು. “ಹಾಗಾದ್ರೆ ಮೂರು ವರ್ಷದ ಹಿಂದೆ, ಬೇಸಿಗೆಲಿ, ‘ಮೂರನೇ ಡಬ್ಬಿ ಓಡಿಸಿಲ್ಲ’ ಅಂತ ಬರೆದವರು ಯಾರು, ನಮ್ಮಪ್ಪನಾ?”

ಯಂತ್ರ ಕಟಕಟ ಓಡುತ್ತಲೇ ಇತ್ತು. ಪುಸ್ತಕದಲ್ಲಿ ಸುಳ್ಳು ಬರೆಯಲು ಆವತ್ತು ಅವನ ಕೈ ಬಂದಿರಲಿಲ್ಲ. ಬಾಯಿ ಮುಚ್ಚಿಕೊಳ್ಳಲು ಮಾತ್ರ ಬಂದಿತ್ತು.

“ನಿಮಗೆ ಯಾವಾಗಿಂದ ಗೊತ್ತು?”

“ಆ ವಾರದಿಂದ. ನಾನು ಏನಾದ್ರೂ ಕೇಳಿದ್ನಾ? ನೀವು ಸುಮ್ಮನಿದ್ರಿ, ನಾನೂ ಸುಮ್ಮನಿದ್ದೆ. ಸಂಸಾರಸ್ಥರು ಬದುಕೋದೇ ಹಾಗೆ.”

“ಕಂಟ್ರಾಕ್ಟರಿಗೂ ಗೊತ್ತಾ?”

ಚಿಕ್ಕ ಯಜಮಾನರು ಅವನನ್ನು ಮಗುವನ್ನು ನೋಡುವಂತೆ ನೋಡಿದರು. “ತಾವು ಎಷ್ಟೊತ್ತಿಗೆ ಎಲ್ಲಿದ್ವಿ ಅಂತ ಅವರಿಗೆ ಗೊತ್ತಿರಲ್ವೇನ್ರೀ? ಆಟ ಮುಗಿದ ಮೇಲೆ ಆ ಪುಸ್ತಕ ನನ್ನ ಮೇಜಿಗೆ ಬರಲಿ.” ಬಾಗಿಲು ಎಳೆದುಕೊಂಡು ಇಳಿದು ಹೋದರು.

ಹಾಲಿನಲ್ಲಿ ನಗು ಎದ್ದಿತು. ತೆರೆಯ ಮೇಲೆ ಮುದುಕ ಈಗ ಠಾಣೆಯ ಗೋಡೆಯ ವಿರುದ್ಧವೇ ದೂರು ಕೊಡುತ್ತಿದ್ದ. ಆಪರೇಟರ್ ಕಿಂಡಿಗೆ ಕಣ್ಣಿಟ್ಟ. ಟೈಲರಮ್ಮನ ಭುಜ ಅಲುಗುತ್ತಿತ್ತು. ಸೆರಗಿನಿಂದ ಕಣ್ಣೊರೆಸಿಕೊಂಡಳು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ಅಷ್ಟು ಎತ್ತರದಿಂದ ತಿಳಿಯುವಂತಿರಲಿಲ್ಲ. ಆಮೇಲೆ ಅವಳು ಅಜ್ಜಿಯ ಕಡೆ ತಿರುಗಿದಾಗ ತೆರೆಯ ಬೆಳಕು ಅವಳ ಮುಖಕ್ಕೆ ಬಿತ್ತು. ನಗುತ್ತಿದ್ದಳು. ಬಾಯ್ತುಂಬ ನಗುತ್ತ ಅಜ್ಜಿಯ ತೋಳು ಹಿಡಿದುಕೊಂಡಿದ್ದಳು.

ನಾಲ್ಕನೆಯ ಡಬ್ಬಿಯಲ್ಲಿ ಏನಿದೆ ಎಂದು ಅವನಿಗೆ ಗೊತ್ತಿತ್ತು. ಮುದುಕನ ಕಾಟ ತಾಳಲಾರದೆ ಊರು ವಿಚಾರಣೆಗೆ ಸೇರುತ್ತದೆ. ಗೋಡೆ ಹೇಗೆ ಬಿತ್ತೆಂದು ಕಂಡ ಕಾವಲುಗಾರನೊಬ್ಬನಿದ್ದಾನೆ. ಮುದುಕ ಬಾಯಿ ತೆರೆದಾಗಲೆಲ್ಲ ಕಾವಲುಗಾರನಿಗೆ ಬಿಕ್ಕಳಿಕೆ ಬರುತ್ತದೆ. ನೀರು ಕುಡಿಸುತ್ತಾರೆ, ಹೆದರಿಸುತ್ತಾರೆ, ತಲೆಕೆಳಗಾಗಿ ಎತ್ತಿ ಹಿಡಿಯುತ್ತಾರೆ; ನಿಲ್ಲುವುದಿಲ್ಲ. ಕಡೆಗೆ ಅವನು ಕಂಡದ್ದನ್ನು ಹೇಳಿಬಿಡುತ್ತಾನೆ, ಬಿಕ್ಕಳಿಕೆ ನಿಲ್ಲುತ್ತದೆ. ನಿಂತಿತು, ನಿಂತಿತು ಎಂದು ಊರೆಲ್ಲ ಅವನನ್ನು ಹೊತ್ತು ಕುಣಿಯುತ್ತದೆ. ಅವನು ಏನು ಹೇಳಿದ ಎಂದು ಒಬ್ಬರೂ ಕೇಳಿಸಿಕೊಂಡಿರುವುದಿಲ್ಲ. ಕೇಳಿಸಿಕೊಂಡ ಮುದುಕನೊಬ್ಬನೇ ಗುಂಪಿನ ನಡುವೆ ನಿಂತಿರುತ್ತಾನೆ. ಅಲ್ಲಿಗೆ ಇಂಟರ್ವಲ್.

ಮೂರನೆಯ ಡಬ್ಬಿ ಮುಗಿಯಲು ಎರಡು ನಿಮಿಷ ಉಳಿದಿತ್ತು. ಸರದಿಯಂತೆ ಓಡುವ ಎರಡು ಯಂತ್ರಗಳಲ್ಲಿ ಎರಡನೆಯದು ಬರಿದಾಗಿತ್ತು. ಸ್ಲೈಡಿನ ಪೆಟ್ಟಿಗೆ ಒಂದು ಕೈಯಳತೆಯಲ್ಲಿ, ನಾಲ್ಕನೆಯ ಡಬ್ಬಿ ಇನ್ನೊಂದು ಕೈಯಳತೆಯಲ್ಲಿ. ಐವತ್ತೇಳು ವರ್ಷದ ಮನುಷ್ಯ. ಈ ಕ್ಯಾಬಿನ್ನಿನಾಚೆ ಅವನಿಗೆ ಗೊತ್ತಿದ್ದ ಕೆಲಸ ಯಾವುದೂ ಇಲ್ಲ. ಮನಸ್ಸು ಎಷ್ಟೋ ಸಲ ದೇವರ ಮುಂದೆ ತಪ್ಪೊಪ್ಪಿಕೊಂಡಿತ್ತು. ದೇವರ ಮುಂದೆ ಹೇಳುವುದು ಸುಲಭ. ಆತನಿಗೆ ಮೊದಲೇ ಗೊತ್ತಿರುತ್ತದೆ, ತಿರುಗಿ ಕೇಳುವುದಿಲ್ಲ. ಕೆಳಗೆ ಕೂತವಳು ಕೇಳುತ್ತಾಳೆ.

ಅವನು ಬಾಗಿಲ ಚಿಲಕ ಹಾಕಿದ. ನಾಲ್ಕನೆಯ ಡಬ್ಬಿ ತೆಗೆದು ಸುರುಳಿಯನ್ನು ಯಂತ್ರಕ್ಕೆ ಏರಿಸಿದ. ಫಿಲ್ಮು ಮೊದಲ ಸಲ ಹಲ್ಲುಚಕ್ರಕ್ಕೆ ಕೂರಲಿಲ್ಲ. ಇನ್ನೊಮ್ಮೆ ಕೂರಿಸಿದ. ತೆರೆಯ ಬಲಮೂಲೆಯಲ್ಲಿ, ಡಬ್ಬಿ ಮುಗಿಯುತ್ತಿದೆ ಎಂದು ಆಪರೇಟರನಿಗೆ ತಿಳಿಸುವ ಮೊದಲ ಚುಕ್ಕೆ ಹೊಳೆದು ಮಾಯವಾಯಿತು. ಕಾರ್ಬನ್ ಹೊತ್ತಿಸಿ ಯಂತ್ರ ಚಾಲೂ ಮಾಡಿದ. ಎರಡನೆಯ ಚುಕ್ಕೆ ಬಂದಾಗ ಒಂದರ ಬೆಳಕು ಮುಚ್ಚಿ ಇನ್ನೊಂದರದ್ದು ಬಿಟ್ಟ. ತೆರೆಯ ಮೇಲೆ ಊರು ಸೇರತೊಡಗಿತು.

ಐದು ನಿಮಿಷವೂ ಆಗಿರಲಿಲ್ಲ, ಬಾಗಿಲು ಬಡಿದರು.

“ಆಪರೇಟ್ರೇ. ಬಾಗಿಲು ತೆಗೀರಿ.” ಚಿಕ್ಕ ಯಜಮಾನರ ದನಿ. ಅದರ ಹಿಂದೆ ಇನ್ನೊಂದು ಒರಟು ದನಿ: “ಒದ್ದು ತೆಗೀಲಾ?”

“ಒಳಗೆ ಕಾರ್ಬನ್ ಬೆಂಕಿ ಉರೀತಿದೆ, ಫಿಲ್ಮು ಬಿಚ್ಚಿ ಬಿದ್ದಿದೆ,” ಎಂದ ಆಪರೇಟರ್, ಜೋರಾಗಿಯೂ ಅಲ್ಲ. “ಒದ್ದರೆ ಟಾಕೀಸು ಉಳಿಯಲ್ಲ. ನೋಡಿಕೊಳ್ಳಿ.”

ಆಮೇಲೆ ಯಾರೂ ಒದೆಯಲಿಲ್ಲ. ಹೊರಗೆ ಪಿಸುಮಾತು, ಮೆಟ್ಟಿಲ ಸದ್ದು, ಮತ್ತೆ ಪಿಸುಮಾತು. ಕೆಳಗೆ ಕಾವಲುಗಾರ ಮೊದಲ ಸಲ ಬಿಕ್ಕಳಿಸಿದಾಗ ಹಾಲು ಹೋ ಎಂದಿತು. ಎರಡನೆಯ ಬಿಕ್ಕಳಿಕೆಗೆ ಯಾರೋ ಮುಂದಿನ ಸಾಲಿನಿಂದ ಕೂಗಿದರು: “ಬಾಲ್ಕನಿಗೆ ಸ್ವಲ್ಪ ನೀರು ಕಳಿಸ್ರಪ್ಪಾ.” ನಗು ಎರಡರಷ್ಟಾಯಿತು. ಅಷ್ಟು ಧೈರ್ಯ ಕತ್ತಲಿನಲ್ಲಿ ಮಾತ್ರ ಬರುತ್ತದೆ. ಆಪರೇಟರ್ ನಗುವ ಹಾಲನ್ನು ನೋಡಲಿಲ್ಲ. ಒಂದೇ ಕುರ್ಚಿಯನ್ನು ನೋಡುತ್ತಿದ್ದ. ಊರು ಕಾವಲುಗಾರನನ್ನು ಹೊತ್ತು ಕುಣಿಯತೊಡಗಿದಾಗ ಅವಳ ನಗು ನಿಂತಿತು. ಅವಳು ಮುಂದಕ್ಕೆ ಬಾಗಿ ಗುಂಪಿನ ನಡುವೆ ನಿಂತ ಮುದುಕನನ್ನೇ ನೋಡುತ್ತಿದ್ದಳು.

ನಾಲ್ಕು ಗಂಟೆಗೆ ಗುಂಡಿ ಒತ್ತಿದ. ಮಾಳಿಗೆಯ ಮೇಲೆ ಗಂಟೆ ಬಾರಿಸಿತು. ದಿನವಹಿ ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡು ಚಿಲಕ ತೆಗೆದ.

ಮೆಟ್ಟಿಲ ಮೇಲೆ ಚಿಕ್ಕ ಯಜಮಾನರು ನಿಂತಿದ್ದರು. “ಆ ಪುಸ್ತಕ ಕೊಡಿ.”

“ಕೊಡಲ್ಲ.”

“ಹಾಗಾದ್ರೆ ಮತ್ತೆ ಮೇಲೆ ಹತ್ತಬೇಡಿ. ಉಳಿದ ಅರ್ಧ ಯಾರು ಓಡಿಸ್ತಾರೆ ಅಂತ ಯೋಚ್ನೆನಾದ್ರೂ ಇದೆಯಾ ನಿಮಗೆ?”

ಆಪರೇಟರ್ ಪಕ್ಕಕ್ಕೆ ಸರಿದು ಇಳಿದ.

ಹಾಲಿನಲ್ಲಿ ದೀಪ ಹತ್ತಿತ್ತು. ಜನ ಎದ್ದು ಮೈ ಮುರಿಯುತ್ತಿದ್ದರು. ಅವನು ಮೂರನೆಯ ಸಾಲಿನ ಹತ್ತಿರ ಬಂದು ನಿಂತಾಗ ಟೈಲರಮ್ಮನೇ ಮೊದಲು ಮಾತಾಡಿದಳು.

“ಅಣ್ಣ, ಚೆನ್ನಾಗಿದೆ ಸಿನಿಮಾ. ನಾನು ನಕ್ಕು ಮೂರು ವರ್ಷ ಆಗಿತ್ತು.”

“ಆ ಬಿಕ್ಕಳಿಕೆಯವನು ನಮ್ಮ ಕಾಂಪೌಂಡರ್ ಥರಾನೇ ಇದ್ದಾನೆ ಕಣೋ,” ಎಂದಳು ಅಜ್ಜಿ. “ಮುಂದೆ ಏನಾಗುತ್ತೆ ಹೇಳ್ಬಿಡು, ನನಗೆ ತಡೆಯಕ್ಕಾಗಲ್ಲ.”

ಅವನು ಪುಸ್ತಕವನ್ನು ಕಂಕುಳಿಗೆ ಒತ್ತಿಕೊಂಡ.

“ತಾಯಿ, ಆವತ್ತು ಗಂಟೆ ನಾಲ್ಕಕ್ಕೆ ಹೊಡೀಲಿಲ್ಲ,” ಎಂದ.

“ಯಾವತ್ತು?”

“ನಿಮ್ಮ ಮಗಳ ದಿನ. ನಾನು ಒಂದು ಡಬ್ಬಿ ಬಿಟ್ಟುಬಿಟ್ಟಿದ್ದೆ. ಬೇಗ ಹೊಡೀತು.”

ಹಿಂದಿನ ಸಾಲಿನವರ ಮಾತು ಕಡಿಮೆಯಾಯಿತು. ಟೈಲರಮ್ಮ ಕುರ್ಚಿಯ ಕೈಯನ್ನು ಹಿಡಿದುಕೊಂಡಳು.

“ಎಷ್ಟು ನಿಮಿಷ?”

“ಇಪ್ಪತ್ತು.”

“ಇಪ್ಪತ್ತು,” ಎಂದಳು, ಬಟ್ಟೆಯ ಅಳತೆಯನ್ನು ಇನ್ನೊಮ್ಮೆ ಹೇಳಿಕೊಳ್ಳುವವಳ ಹಾಗೆ. “ಅಂದ್ರೆ ಮೂರೂ ನಲವತ್ತು.”

“ಹೌದು.”

“ತಿರುವಿಂದ ಗೂಡ್ಸ್ ಶೆಡ್ಡಿಗೆ ಜೀಪಲ್ಲಿ ಕಾಲು ಗಂಟೆ.”

“ಹೌದು ತಾಯಿ.”

ಅವಳ ಕಣ್ಣು ಅವನ ಮುಖದ ಮೇಲಿತ್ತು, ಆದರೆ ಅವನನ್ನು ನೋಡುತ್ತಿರಲಿಲ್ಲ. ಮೂರು ವರ್ಷ ಸೂಜಿ ಹಿಡಿದು ಅವಳು ಆ ಎರಡು ಅಂಚುಗಳನ್ನು ಸೇರಿಸಲು ನೋಡಿರಬೇಕು, ಸೇರಿರಲಿಕ್ಕಿಲ್ಲ.

ಮಾತಾಡಿದವಳು ಅಜ್ಜಿ. “ಹಾಗಾದ್ರೆ ನಾನು ಸುಳ್ಳಿ ಅಲ್ಲ.” ಅವಳ ದನಿಯಲ್ಲಿ ಕೋಪವಿರಲಿಲ್ಲ, ಅದಕ್ಕೇ ಕೇಳಲು ಕಷ್ಟವಾಯಿತು. “ಮೂರು ವರ್ಷದಿಂದ ನಾನು ಬೀದೀಲಿ ಹೋದ್ರೆ ಹಿಂದೆ ಕೂಗ್ತಾರೆ, ‘ಅಜ್ಜೀ, ಈಗ ಎಷ್ಟು ಗಂಟೆ’ ಅಂತ. ನನಗೇ ಅನುಮಾನ ಬಂದುಬಿಟ್ಟಿತ್ತು ಕಣೋ, ನಾನು ಕಂಡಿದ್ದು ಹೌದಾ ಅಂತ. ನೀನು ಮೇಲೆ ಕೂತು ಕೇಳಿಸ್ಕೋತಿದ್ದೆ.”

“ಕೇಳಿಸ್ಕೋತಿದ್ದೆ ಅಜ್ಜಿ.”

“ಎಷ್ಟು ಸಲ ನನ್ನ ಹತ್ರ ಸೊಪ್ಪು ತಗೊಂಡೆ.”

ಟೈಲರಮ್ಮ ಎದ್ದಳು. ಚಪ್ಪಲಿ ಮೆಟ್ಟಿಕೊಂಡಳು. “ಅದು ಬರೆದಿದ್ದೀಯಾ ಎಲ್ಲಾದ್ರೂ?” ಎಂದು ಅವನನ್ನು ಕೇಳಿದಳು. ಇಷ್ಟು ಕಾಲ ಅಣ್ಣ, ನೀವು ಎನ್ನುತ್ತಿದ್ದವಳು.

ಅವನು ಕಂಕುಳಿನ ಪುಸ್ತಕ ತೋರಿಸಿದ.

“ನಡಿ.”

ಹೊರಬಾಗಿಲ ಬಳಿ ಕಂಟ್ರಾಕ್ಟರ್ ನಿಂತಿದ್ದ. ಬಾಲ್ಕನಿಯ ಮೆಟ್ಟಿಲು ಇಳಿದು ಅವರಿಗಿಂತ ಮೊದಲೇ ಬಂದಿದ್ದ. ಬಾಗಿಲ ಚೌಕಟ್ಟಿಗೆ ಒಂದು ಕೈ ಕೊಟ್ಟಿದ್ದ. ಜೊತೆಗಾರರಿಬ್ಬರು ಆಚೆಗಿದ್ದರು.

“ಏನಮ್ಮಾ, ಅರ್ಧಕ್ಕೇ ಎದ್ದುಬಿಟ್ರಿ? ಇನ್ನೂ ಅರ್ಧ ಸಿನಿಮಾ ಇದೆ.”

“ಉಳಿದಿದ್ದು ನೀವು ನೋಡಿ ಹೇಳಿ ಸಾಹೇಬ್ರೆ,” ಎಂದಳು ಅಜ್ಜಿ. “ನಮಗೆ ಸ್ವಲ್ಪ ಬರೆಸೋದಿದೆ.”

ಕಂಟ್ರಾಕ್ಟರ್ ಅಜ್ಜಿಯನ್ನು ನೋಡಲಿಲ್ಲ. “ಆಪರೇಟ್ರೇ, ನಿಮ್ಮ ವಯಸ್ಸಿನವರು ಆ ಬೆಳಕಿನ ಮುಂದೆ ಕೂತು ಕೂತು ಏನೇನೋ ಕಲ್ಪಿಸ್ಕೋತಾರೆ. ಆ ಪುಸ್ತಕ ಯಾರಿಗೆ ಬೇಕು? ಇಲ್ಲಿ ಕೊಡಿ, ನಾನು ಜೋಪಾನ ಮಾಡ್ತೀನಿ.”

ಅವನು ಕೈ ಚಾಚಿದ. ಆಪರೇಟರ್ ಒಂದು ಹೆಜ್ಜೆ ಹಿಂದೆ ಸರಿದ. ಟಾಕೀಸಿನ ಅಂಗಳವೆಲ್ಲ ಜನ. ಎಲ್ಲರೂ ಬೇರೆ ಕಡೆ ನೋಡುತ್ತ ಇತ್ತಲೇ ಕಿವಿ ಕೊಟ್ಟಿದ್ದರು. ಯಾರೋ ಒಬ್ಬ, ಯಾರೆಂದು ತಿಳಿಯಲಿಲ್ಲ, ಗುಂಪಿನೊಳಗಿಂದ ಬಿಕ್ಕಳಿಸಿದ. ಬೇಕೆಂದೇ ತೆಗೆದ ಬಿಕ್ಕಳಿಕೆ. ಇನ್ನೊಂದು ಕಡೆಯಿಂದ ಇನ್ನೊಂದು ಬಂತು. ಯಾರೂ ನಗಲಿಲ್ಲ. ಮೂರನೆಯದು ಕಂಟ್ರಾಕ್ಟರನ ಬೆನ್ನ ಹಿಂದಿನಿಂದಲೇ ಬಂತು. ಅವನು ತಿರುಗಿ ನೋಡಿದ.

“ಬಾಗಿಲು ಬಿಡಿ,” ಎಂದಳು ಟೈಲರಮ್ಮ.

ಚೌಕಟ್ಟಿನ ಮೇಲಿನ ಕೈ ಕೆಳಗಿಳಿಯಿತು.

ಠಾಣೆ ಮುಂದಿನ ಬೀದಿಯಲ್ಲೇ ಇತ್ತು. ಮೇಜಿನ ಹಿಂದೆ ಆವತ್ತಿನ ರೈಟರೇ ಕೂತಿದ್ದರು. ಈಗ ಕನ್ನಡಕ ಬಂದಿತ್ತು. ಆಪರೇಟರ್ ಹೇಳಿದ್ದನ್ನು ಕೇಳಿ, ಪುಸ್ತಕದ ಆ ಪುಟವನ್ನು ಎರಡು ಸಲ ಓದಿದರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಟಾಕೀಸಿನ ಗಂಟೆ ಅಂದ್ರೆ ನಾಲ್ಕೇ ಅಲ್ವಾ ಅಂತ ನಾನೇ ಬರೆದೆ,” ಎಂದರು ನಿಧಾನವಾಗಿ. “ಆ ಮಧ್ಯಾಹ್ನ ನನ್ನ ಕೈಗಡಿಯಾರ ಮೂರೂ ನಲವತ್ತು ತೋರಿಸ್ತಿತ್ತು. ಕೆಟ್ಟಿದೆ ಅಂತ ಮುಂದಕ್ಕೆ ತಿರುಗಿಸಿದೆ.”

ಬೀದಿಯಲ್ಲಿ ಜೀಪೊಂದು ಬಂದು ಠಾಣೆಯ ಗೇಟಿನ ಬಳಿ ನಿಂತ ಸದ್ದಾಯಿತು. ಇಂಜಿನ್ ಆರಲಿಲ್ಲ. ರೈಟರು ಕಿಟಕಿಯ ಕಡೆ ಒಮ್ಮೆ ನೋಡಿ, ಎದ್ದು ಹೋಗಿ ಬಾಗಿಲು ಮುಂದೆ ಮಾಡಿ ಬಂದರು. ಬಿಳಿ ಹಾಳೆ ತೆಗೆದರು.

“ಕೇಸು ಮತ್ತೆ ತೆರೀಬೇಕು ಅಂದ್ರೆ ಎಲ್ಲ ಸರಿಯಾಗಿ ಬರೀಬೇಕು. ಅವರ ವಕೀಲ ಬಂದು ಮೊದಲು ಕೇಳೋದೇ ಇದನ್ನ. ಅಷ್ಟು ವರ್ಷ ಬಿಡದವರು ಆವತ್ತು ಯಾಕೆ ಡಬ್ಬಿ ಬಿಟ್ರಿ?”

ಆಪರೇಟರ್ ಗೋಡೆಯನ್ನು ನೋಡಿದ. ಇದನ್ನು ಅವಳ ಮುಂದೆ ಹೇಳಬೇಕಾಗುತ್ತದೆ ಎಂದು ಅವನು ಎಣಿಸಿರಲಿಲ್ಲ.

“ನನ್ನ ಮಗಳು ಬರುವವಳಿದ್ದಳು. ಐದೂಕಾಲರ ಬಸ್ಸಿಗೆ. ಗಂಡನ ಮನೇಲೇ ಬಾಣಂತನ ಮುಗಿಸಿಕೊಂಡು, ಮಗು ಎತ್ತಿಕೊಂಡು. ಆಟ ಪೂರ್ತಿ ಓಡಿಸಿದ್ರೆ ಬಸ್ಸಿನ ಹೊತ್ತು ಮೀರುತ್ತಿತ್ತು. ಬಸ್ಸಿಂದ ಇಳಿಯುವಾಗ ನಾನೇ ಕೈ ಚಾಚಿ ಮಗು ತಗೋಬೇಕು ಅಂತ ಆಸೆ ಇತ್ತು.”

ಬೆಂಚಿನ ಮೇಲೆ ಅಜ್ಜಿ ಕೂತಿದ್ದಳು. ಟೈಲರಮ್ಮ ಕೂತಿರಲಿಲ್ಲ. ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದಳು. ಅವನ ಕಡೆ ತಿರುಗಿ ಕೇಳಿದಳು:

“ಗಂಡೋ, ಹೆಣ್ಣೋ?”

“ಹೆಣ್ಣು.”

“ಸರಿಯಾದ ಹೊತ್ತಿಗೆ ಹೋದೆಯಾ?”

“ಹೋದೆ.”

ಅವಳು ತಲೆಯಾಡಿಸಿದಳು. ಕ್ಷಮಿಸಿದ ತಲೆಯಾಟವೂ ಅಲ್ಲ, ಶಪಿಸಿದ್ದೂ ಅಲ್ಲ. ಲೆಕ್ಕಕ್ಕೆ ಸಿಗದ ಒಂದು ಸಂಗತಿಯನ್ನು ಕೇಳಿಸಿಕೊಂಡ ತಲೆಯಾಟ. ಮೇಜಿನ ಹತ್ತಿರ ಬಂದು ಬರೆಯುತ್ತಿದ್ದ ಹಾಳೆಯ ಮೇಲೆ ಬಾಗಿದಳು.

“ಅದನ್ನೂ ಬರೀರಿ,” ಎಂದಳು ರೈಟರಿಗೆ. “ಅವನು ಹೇಳಿದ ಹಾಗೇ. ಒಂದು ಅಕ್ಷರ ಬಿಡಬೇಡಿ.”

ರೈಟರು ಬರೆದರು. ಗೇಟಿನ ಬಳಿ ಇಂಜಿನ್ ಇನ್ನೂ ಗುರುಗುಟ್ಟುತ್ತಿತ್ತು. ಅವರು ತಲೆ ಎತ್ತಲಿಲ್ಲ.

“ಮುಂದೆ ಹೇಳಿ,” ಎಂದರು.

ಆಪರೇಟರ್ ಮುಂದೆ ಹೇಳಿದ.